ಪಟ್ಟ ಖಾಲಿ ಉಳಿದ ವರ್ಷ: ಕುದುರೆ ಸ್ಪರ್ಧೆಗಳ ‘ಗ್ರ್ಯಾಂಡ್ ಚಾಂಪಿಯನ್’ ಬಿರುದಿನ ಬಗ್ಗೆ ಒಂದು ಟಿಪ್ಪಣಿ

ಅಮೆರಿಕದ ಟೆನೆಸಿ ರಾಜ್ಯದ ಶೆಲ್ಬಿವಿಲ್ ಎಂಬ ಸಣ್ಣ ಊರಿನಲ್ಲಿ 1939ರಿಂದಲೂ ಬೇಸಿಗೆ ಮುಗಿಯುವ ಹೊತ್ತಿಗೆ ಕುದುರೆಗಳ ಜಾತ್ರೆಯೊಂದು ನೆರೆಯುತ್ತದೆ. ಹೆಸರು ‘ಟೆನೆಸಿ ವಾಕಿಂಗ್ ಹಾರ್ಸ್ ನ್ಯಾಷನಲ್ ಸೆಲೆಬ್ರೇಷನ್’. ಈಗ ಅದು ಹನ್ನೊಂದು ದಿನಗಳ ಪ್ರದರ್ಶನ. ಕೊನೆಯ ಶನಿವಾರ ರಾತ್ರಿ ಒಂದು ಕುದುರೆಗೆ ‘ವರ್ಲ್ಡ್ ಗ್ರ್ಯಾಂಡ್ ಚಾಂಪಿಯನ್’ ಪಟ್ಟ ಕಟ್ಟುತ್ತಾರೆ. ಗೆದ್ದ ಕುದುರೆಗಳ ಪಟ್ಟಿಯನ್ನು ಮೊದಲಿನಿಂದ ಓದುತ್ತ ಬಂದರೆ 2006ರ ಎದುರು ಹೆಸರೇ ಇಲ್ಲ. ಆ ವರ್ಷವೂ ಕುದುರೆಗಳು ಬಂದಿದ್ದವು, ಸವಾರರು ಬಂದಿದ್ದರು, ನೋಡಲು ಜನ ಸೇರಿದ್ದರು. ಆದರೆ ಕೇಂದ್ರ ಕೃಷಿ ಇಲಾಖೆಯ ತಪಾಸಕರು ಕಾಲು ಮುಟ್ಟಿ ನೋಡಿ ಕುದುರೆಗಳನ್ನು ಅನರ್ಹಗೊಳಿಸುತ್ತ ಹೋದರು. ಜಗಳವೆದ್ದಿತು. ಅಂತಿಮ ಸ್ಪರ್ಧೆ ನಡೆಯಲೇ ಇಲ್ಲ, ಪಟ್ಟ ಯಾರಿಗೂ ಸಲ್ಲಲಿಲ್ಲ.

ಈ ಟಿಪ್ಪಣಿ ಹುಟ್ಟಿದ್ದು ಆ ಖಾಲಿ ಸಾಲಿನಿಂದ. ಕುದುರೆ ಸ್ಪರ್ಧೆಗಳಿಗೆ ‘ಮಹಾಚಾಂಪಿಯನ್’ ಎಂಬಂಥ ದೊಡ್ಡ ಬಿರುದು ಸಲ್ಲುತ್ತದೆಯೇ ಎಂಬ ಪ್ರಶ್ನೆ ಹಳೆಯದು. ಸಲ್ಲುತ್ತದೆ ಎನ್ನುವವರೂ ಸಲ್ಲದು ಎನ್ನುವವರೂ ಸಾಮಾನ್ಯವಾಗಿ ಕುದುರೆಯ ಅಂದ, ಸವಾರನ ಕೌಶಲ, ಕ್ರೀಡೆಯ ಘನತೆ ಇವನ್ನೇ ಮುಂದಿಡುತ್ತಾರೆ. ನಾನು ಬೇರೊಂದು ಕಡೆಯಿಂದ ನೋಡಬಯಸುತ್ತೇನೆ. ಪಟ್ಟವನ್ನು ತಡೆಹಿಡಿಯುವ ಅಧಿಕಾರ ಯಾರ ಕೈಯಲ್ಲಿದೆ? ಆ ಕೈ ಪಟ್ಟದಿಂದ ಲಾಭ ಪಡೆಯುವವರ ಕೈಯೇ ಆಗಿದ್ದರೆ ಬಿರುದಿಗೆ ಬೆಲೆಯಿಲ್ಲ. ಬೇರೆಯವರ ಕೈಯಾಗಿದ್ದರೆ ಬಿರುದು ಎಷ್ಟೇ ದೊಡ್ಡದಿರಲಿ, ಒಪ್ಪಬಹುದು. ನನ್ನ ವಾದ ಇಷ್ಟೇ.

ಮೊದಲು ಪದದ ವಿಚಾರ. ‘ಪಟ್ಟದ ಕುದುರೆ’ ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಮೈಸೂರು ಅರಮನೆಯಲ್ಲಿ ನವರಾತ್ರಿಯ ಆಯುಧಪೂಜೆಯ ಸಮಯಕ್ಕೆ ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸು ಸಿಂಗಾರಗೊಂಡು ಪೂಜೆಗೆ ಬರುತ್ತವೆ. ಆ ಕುದುರೆ ಯಾರನ್ನೂ ಸೋಲಿಸಿ ಬಂದದ್ದಲ್ಲ. ಅದನ್ನು ಆರಿಸುವುದು ಲಕ್ಷಣ ನೋಡಿ: ಮೈಬಣ್ಣ, ಸುಳಿ, ನಿಲುವು, ಗುಂಪಿನ ಗದ್ದಲಕ್ಕೆ ಬೆದರದ ಸ್ವಭಾವ. ಅಲ್ಲಿ ಪಟ್ಟ ಎಂದರೆ ಸೇವೆಯ ಸ್ಥಾನ. ಇಂಥ ಪಟ್ಟದ ವಿಷಯದಲ್ಲಿ ‘ಇದಕ್ಕೆ ಅರ್ಹವೇ’ ಎಂಬ ಪ್ರಶ್ನೆಗೆ ಉತ್ತರ ಸಂಪ್ರದಾಯದೊಳಗೇ ಇದೆ. ಇನ್ನೊಂದು ಬಗೆಯದು ಗೆಲುವಿನ ಪಟ್ಟ: ಓಡಿ, ಹಾರಿ, ಸಮಯಕ್ಕೆ ಮುಟ್ಟಿ ಪಡೆದದ್ದು. ಅದರ ಅರ್ಹತೆ ಗಡಿಯಾರದಲ್ಲಿದೆ, ಬೀಳದೆ ಉಳಿದ ಅಡ್ಡಕೋಲಿನಲ್ಲಿದೆ. ಶೆಲ್ಬಿವಿಲ್‌ನ ಪಟ್ಟ ಈ ಎರಡರ ನಡುವೆ ನಿಂತಿದೆ. ಕೊಡುವುದು ಲಕ್ಷಣ ನೋಡಿ, ಸಾರುವುದು ಗೆಲುವೆಂದು. ತೊಡಕು ಇಲ್ಲಿಂದಲೇ ಶುರುವಾಗುತ್ತದೆ.

ಬಿರುದಿನ ಹೆಸರನ್ನೂ ಒಮ್ಮೆ ಗಮನಿಸಬೇಕು. ಹಬ್ಬದ ಹೆಸರಿನಲ್ಲಿರುವುದು ‘ನ್ಯಾಷನಲ್’, ಅದು ಕೊಡುವ ಬಿರುದಿನಲ್ಲಿರುವುದು ‘ವರ್ಲ್ಡ್’. ವಯಸ್ಸಿಗೊಂದು, ವರ್ಗಕ್ಕೊಂದು ಎಂದು ಈ ಬಿರುದಿನ ಹಲವು ಕಿರಿಯ ರೂಪಗಳೂ ಅದೇ ಹಬ್ಬದಲ್ಲಿ ಹಂಚಿಕೆಯಾಗುತ್ತವೆ. ಒಂದು ದೇಶದ ಒಂದು ಭಾಗದಲ್ಲಿ ಬೆಳೆದ ತಳಿಗೆ ಜಗತ್ತಿನ ಹೆಸರಿನ ಪಟ್ಟ ಕಟ್ಟುವುದರಲ್ಲಿ ಊರಿನ ಅಭಿಮಾನ ಇದೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಹೆಸರು ಹಿಗ್ಗಿದಷ್ಟೂ ಪರೀಕ್ಷೆಯೂ ಬಿಗಿಯಾಗಬೇಕಿತ್ತು. ಹಾಗಾಗಲಿಲ್ಲ.

ಈ ತಳಿಯ ಕಥೆ ಚೆಲುವಾದದ್ದು, ಕೊಂಚ ನಿಧಾನವಾಗಿಯೇ ಹೇಳುತ್ತೇನೆ. ಮಧ್ಯ ಟೆನೆಸಿಯ ರೈತರಿಗೆ ದಿನವಿಡೀ ಹೊಲ ಸುತ್ತಿದರೂ ಸೊಂಟ ನೋಯಿಸದ ಸವಾರಿ ಬೇಕಿತ್ತು. 1886ರಲ್ಲಿ ಹುಟ್ಟಿದ ಬ್ಲ್ಯಾಕ್ ಆ್ಯಲನ್ ಎಂಬ ಕಪ್ಪು ಗಂಡು ಕುದುರೆಯನ್ನು ತಳಿಯ ಮೂಲಪುರುಷ ಎಂದು ಆಮೇಲೆ ಗುರುತಿಸಿದರು. 1935ರಲ್ಲಿ ಲೂಯಿಸ್‌ಬರ್ಗ್‌ನಲ್ಲಿ ತಳಿಗಾರರ ಸಂಘ ಹುಟ್ಟಿ ವಂಶಾವಳಿ ದಾಖಲಾಗತೊಡಗಿತು. ಈ ಕುದುರೆಯ ಹೆಗ್ಗಳಿಕೆ ‘ರನ್ನಿಂಗ್ ವಾಕ್’ ಎಂಬ ನಡೆ. ನಾಲ್ಕು ಕಾಲೂ ಬೇರೆಬೇರೆ ಹೊತ್ತಿಗೆ ನೆಲ ಮುಟ್ಟುತ್ತವೆ, ಹಾಗಾಗಿ ಟ್ರಾಟ್‌ನಲ್ಲಿ ಬರುವ ಕುಲುಕಾಟ ಇಲ್ಲಿಲ್ಲ. ಹೆಜ್ಜೆಗೆ ಸರಿಯಾಗಿ ತಲೆ ತೂಗುತ್ತದೆ. ಹದವಾಗಿ ಒದ್ದೆಯಾದ ಮಣ್ಣಿನ ಮೇಲೆ ಇಂಥ ಕುದುರೆ ಹಾದುಹೋದ ಮೇಲೆ ಬಗ್ಗಿ ನೋಡಿದರೆ ವಿಷಯ ತಿಳಿಯುತ್ತದೆ. ಮುಂಗಾಲಿನ ಗೊರಸಿನ ಗುರುತು ಒಂದು ಕಡೆ, ಅದೇ ಬದಿಯ ಹಿಂಗಾಲಿನ ಗುರುತು ಅದನ್ನು ದಾಟಿ ಗೇಣುದ್ದ ಮುಂದೆ. ಈ ದಾಟು ಎಷ್ಟು ಉದ್ದವೋ ನಡೆ ಅಷ್ಟು ನಯ.

ಅಂದರೆ ಈ ತಳಿಯ ನಿಜವಾದ ಗುಣವನ್ನು ಟೇಪು ಹಿಡಿದು ಅಳೆಯಬಹುದಿತ್ತು. ಮಣ್ಣೇ ಸಾಕ್ಷಿ ಹೇಳುತ್ತಿತ್ತು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ: ಪಟ್ಟ ಕೊಡುವವರು ಕಾಲಕ್ರಮೇಣ ಮಣ್ಣಿನತ್ತ ನೋಡುವುದನ್ನು ಬಿಟ್ಟು ಗಾಳಿಯತ್ತ ನೋಡತೊಡಗಿದರು.

1939ರ ಮೊದಲ ಪಟ್ಟ ಸ್ಟ್ರೋಲಿಂಗ್ ಜಿಮ್‌ಗೆ, ಸವಾರ ಫ್ಲಾಯ್ಡ್ ಕ್ಯಾರೊದರ್ಸ್. ಜಿಮ್ ಬೀಜ ಒಡೆದ ಕುದುರೆ, ಅದರ ಗೆಲುವು ಅದರ ಜೊತೆಗೇ ಮುಗಿಯಿತು. 1945 ಮತ್ತು 1946ರಲ್ಲಿ ಗೆದ್ದ ಮಿಡ್‌ನೈಟ್ ಸನ್ ಈ ಪಟ್ಟ ಪಡೆದ ಮೊದಲ ಬೀಜದ ಕುದುರೆ. ಅದರ ಬೆನ್ನಿಗೇ 1947, 1948ರಲ್ಲಿ ಮೆರ್‍ರಿ ಗೋ ಬಾಯ್. ಇಲ್ಲಿಂದ ಪಟ್ಟದ ಅರ್ಥವೇ ಬದಲಾಯಿತೆಂದು ನನ್ನ ಗ್ರಹಿಕೆ. ಪಟ್ಟ ಗೆದ್ದ ಗಂಡು ಕುದುರೆಯ ಬೀಜಕ್ಕೆ ಬೇಡಿಕೆ ಬರುತ್ತದೆ, ಮರಿಗಳಿಗೆ ಬೆಲೆ ಬರುತ್ತದೆ, ತರಬೇತುದಾರನ ಲಾಯ ತುಂಬುತ್ತದೆ. ಶನಿವಾರ ರಾತ್ರಿಯ ಕೆಲವೇ ನಿಮಿಷಗಳ ತೀರ್ಪು ಮುಂದಿನ ಹತ್ತಾರು ವರ್ಷಗಳ ವ್ಯಾಪಾರವನ್ನು ನಿರ್ಧರಿಸುತ್ತದೆ.

1950ರ ದಶಕದಿಂದ ಮುಂಗಾಲನ್ನು ಅತಿ ಎತ್ತರಕ್ಕೆ ಎತ್ತಿ ಎಸೆಯುವ ನಡೆ ಪ್ರೇಕ್ಷಕರಿಗೆ ಹಿಡಿಸಿತು. ಅದಕ್ಕೆ ‘ಬಿಗ್ ಲಿಕ್’ ಎಂದು ಹೆಸರು. ಸಹಜ ನಡೆಯಲ್ಲಿ ಅಷ್ಟು ಎತ್ತರ ಬರುವುದಿಲ್ಲ. ತರಿಸಲು ಲಾಳದ ಕೆಳಗೆ ಪದರ ಪದರವಾಗಿ ಪ್ಯಾಡ್ ಜೋಡಿಸಿ ಗೊರಸನ್ನು ಎತ್ತರಿಸಿದರು, ಗೊರಸಿನ ಮೇಲಿನ ಗಿಣ್ಣಿಗೆ ಸರಪಳಿ ಕಟ್ಟಿದರು. ಇಷ್ಟಕ್ಕೇ ನಿಲ್ಲದ ಕೆಲವರು ಆ ಗಿಣ್ಣಿನ ಚರ್ಮಕ್ಕೆ ಸಾಸಿವೆ ಎಣ್ಣೆ, ಸೀಮೆಎಣ್ಣೆ, ಡೀಸೆಲ್‌ನಂಥ ಉರಿ ಹುಟ್ಟಿಸುವ ದ್ರವ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಚರ್ಮ ಬೇಯುವಂತೆ ಮಾಡಿದರು. ಆಮೇಲೆ ಅದೇ ಜಾಗದ ಮೇಲೆ ಸರಪಳಿ ಬಡಿಯುತ್ತದೆ. ನೆಲಕ್ಕೆ ಕಾಲಿಟ್ಟರೆ ನೋವು, ಆದ್ದರಿಂದ ಕುದುರೆ ಕಾಲು ಕಿತ್ತು ಮೇಲೆ ಎಸೆಯುತ್ತದೆ. ತೀರ್ಪುಗಾರನಿಗೆ ಕಾಣುವುದು ಆ ಎತ್ತರ. ಈ ಕೃತ್ಯಕ್ಕೆ ‘ಸೋರಿಂಗ್’ ಎನ್ನುತ್ತಾರೆ. ಇದನ್ನು ಮೊದಲ ಸಲ ವಿವರವಾಗಿ ಓದಿದಾಗ ನಾನು ಹೊತ್ತಗೆ ಮುಚ್ಚಿಟ್ಟು ಎದ್ದುಹೋಗಿದ್ದೆ. ಮತ್ತೆ ತೆರೆಯಲು ಎರಡು ದಿನ ಹಿಡಿಯಿತು.

1970ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿಯೊಂದಿಗೆ ಕುದುರೆ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಮೇರಿಲ್ಯಾಂಡ್‌ನ ಸೆನೆಟರ್ ಜೋಸೆಫ್ ಟೈಡಿಂಗ್ಸ್ ಅದರ ಹಿಂದಿದ್ದ ವ್ಯಕ್ತಿ. ಕಾಯ್ದೆಯ ಆರಂಭದ ಹೇಳಿಕೆಗಳಲ್ಲಿ ಎರಡು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು, ಕುದುರೆಯ ಕಾಲಿಗೆ ಹೀಗೆ ನೋವು ಮಾಡುವುದು ಕ್ರೌರ್ಯ ಎಂಬುದು. ಎರಡನೆಯದು, ನೋವಿನಿಂದ ಪ್ರದರ್ಶನ ಚೆನ್ನಾಗಿ ಬಂದ ಕುದುರೆ ನೋವಿಲ್ಲದ ಕುದುರೆಯೊಡನೆ ಸ್ಪರ್ಧಿಸುವುದು ಅನ್ಯಾಯ ಎಂಬುದು. ಪ್ರಾಣಿದಯೆಯ ಚರ್ಚೆಯಲ್ಲಿ ಮೊದಲನೆಯದನ್ನೇ ಎಲ್ಲರೂ ಎತ್ತಿ ಆಡುತ್ತಾರೆ. ಬಿರುದಿನ ಅರ್ಹತೆಯ ಮಟ್ಟಿಗೆ ಎರಡನೆಯದೇ ಹೆಚ್ಚು ತೂಕದ್ದು. ಈ ಸ್ಪರ್ಧೆಗಳಲ್ಲಿ ಗೆಲುವು ಎಂಬ ಮಾತೇ ಸುಳ್ಳಾಗುವ ಸಂದರ್ಭ ಇದೆಯೆಂದು ಒಂದು ದೇಶದ ಶಾಸನವೇ ಅಲ್ಲಿ ಒಪ್ಪಿಕೊಂಡಿದೆ.

ಹಾಗಾದರೆ ತಪಾಸಣೆ ಯಾರದು? ಉತ್ತರಕ್ಕೆ ಮೊದಲು ತಪಾಸಣೆಯ ರೀತಿ ತಿಳಿಯಬೇಕು, ಅದು ಸರಳ. ಕುದುರೆಯನ್ನು ಕೋನ್‌ಗಳ ಸುತ್ತ ನಡೆಸಿ ನೋಡುತ್ತಾರೆ, ಎಳೆದರೆ ಮಾತ್ರ ಬರುತ್ತದೆಯೋ ಸಡಿಲ ಹಗ್ಗದಲ್ಲಿ ತಾನೇ ಬರುತ್ತದೆಯೋ ಎಂದು. ಬಳಿಕ ತಪಾಸಕ ಮುಂಗಾಲೊಂದನ್ನು ಎತ್ತಿ ಹಿಡಿದು, ಗೊರಸಿನ ಮೇಲಂಚಿನ ಗಿಣ್ಣನ್ನು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಒಂದೊಂದು ಜಾಗ ಬಿಡದೆ ಒತ್ತುತ್ತ ಹೋಗುತ್ತಾನೆ. ನೋವಿಲ್ಲದ ಕುದುರೆ ಸುಮ್ಮನೆ ನಿಂತಿರುತ್ತದೆ. ನೋವಿರುವುದು ಆ ಜಾಗ ಬಂದಾಗಲೆಲ್ಲ ಕಾಲು ಎಳೆದುಕೊಳ್ಳುತ್ತದೆ, ಹೊಟ್ಟೆ ಬಿಗಿಹಿಡಿಯುತ್ತದೆ, ತಲೆ ಮೇಲಕ್ಕೆತ್ತುತ್ತದೆ. ಅದೇ ಜಾಗ ಒತ್ತಿದರೆ ಅದೇ ಪ್ರತಿಕ್ರಿಯೆ ಮತ್ತೆ ಬರಬೇಕು, ಆಗಲೇ ಅದು ಸಾಕ್ಷ್ಯ. ಒಬ್ಬ ಮನುಷ್ಯನ ಹೆಬ್ಬೆರಳು, ಒಂದು ಪ್ರಾಣಿಯ ಗಿಣ್ಣು. ಇಡೀ ಪಟ್ಟ ನಿಂತಿರುವುದು ಆ ಸ್ಪರ್ಶದ ಪ್ರಾಮಾಣಿಕತೆಯ ಮೇಲೆ.

1976ರ ತಿದ್ದುಪಡಿಯ ನಂತರ ಈ ಕೆಲಸದ ಬಹುಪಾಲನ್ನು ಕುದುರೆ ಉದ್ಯಮದ ಸಂಘಟನೆಗಳೇ ನೇಮಿಸುವ ತಪಾಸಕರಿಗೆ ಬಿಡಲಾಯಿತು. ಇಲಾಖೆಗೆ ಇದಕ್ಕೆಂದು ವರ್ಷಕ್ಕೆ ಮಂಜೂರಾಗಬಹುದಾಗಿದ್ದ ಗರಿಷ್ಠ ಮೊತ್ತ ಐದು ಲಕ್ಷ ಡಾಲರ್. ಅಷ್ಟರಲ್ಲಿ ಎಲ್ಲ ಪ್ರದರ್ಶನಗಳಿಗೂ ಸರ್ಕಾರಿ ಪಶುವೈದ್ಯರನ್ನು ಕಳಿಸುವುದು ಆಗದ ಮಾತು. 2010ರಲ್ಲಿ ಕೃಷಿ ಇಲಾಖೆಯದೇ ಲೆಕ್ಕಪರಿಶೋಧನಾ ವಿಭಾಗ ಈ ವ್ಯವಸ್ಥೆ ಸಾಲದೆಂದು ವರದಿ ಕೊಟ್ಟಿತು: ಸಂಬಳ ಕೊಡುವವರ ಕುದುರೆಯನ್ನೇ ಅನರ್ಹಗೊಳಿಸಬೇಕಾದ ಸ್ಥಿತಿಯಲ್ಲಿ ತಪಾಸಕರು ಇದ್ದಾರೆ ಎಂಬುದು ಅದರ ಸಾರ. 2012ರಲ್ಲಿ ಹೆಸರಾಂತ ತರಬೇತುದಾರರೊಬ್ಬರ ಲಾಯದಲ್ಲಿ ಗುಟ್ಟಾಗಿ ತೆಗೆದ ವಿಡಿಯೊ ಅಮೆರಿಕದ ಟಿವಿಯಲ್ಲಿ ಪ್ರಸಾರವಾಯಿತು, ಅವರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು, ಪೆಪ್ಸಿ ಕಂಪನಿ ಹಬ್ಬದ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ಅದೇ ವರ್ಷ ಅಮೆರಿಕದ ಪಶುವೈದ್ಯರ ಸಂಘ ಮತ್ತು ಅಶ್ವವೈದ್ಯರ ಸಂಘ ಎರಡೂ ಸೇರಿ, ಸರಪಳಿಯನ್ನೂ ಎತ್ತರದ ಪ್ಯಾಡನ್ನೂ ಪೂರ್ತಿ ನಿಷೇಧಿಸಿ ಎಂದು ಕೇಳಿದವು. ನಿಯಮ ಆಗಲೂ ಆರು ಔನ್ಸ್, ಅಂದರೆ ಸುಮಾರು 170 ಗ್ರಾಂ ತೂಕದವರೆಗಿನ ಸರಪಳಿಯನ್ನು ಒಪ್ಪುತ್ತಿತ್ತು.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಈ ಹಬ್ಬ ಶೆಲ್ಬಿವಿಲ್‌ನ ಹೋಟೆಲು, ಅಂಗಡಿ, ಲಾಳ ಕಟ್ಟುವವರು, ಹುಲ್ಲು ಮಾರುವವರು ಎಲ್ಲರ ಅನ್ನ. ಕೈಯಲ್ಲಿ ಒತ್ತಿ ನೋಡುವ ತಪಾಸಣೆಯಲ್ಲಿ ಒಬ್ಬ ತಪಾಸಕನಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಬರುತ್ತದೆ ಎಂಬ ಅವರ ದೂರಿನಲ್ಲಿ ಹುರುಳಿದೆ. ಪ್ರಾಮಾಣಿಕವಾಗಿ ಕುದುರೆ ಸಾಕಿದವರೂ ಅದೇ ಸಾಲಿನಲ್ಲಿ ನಿಲ್ಲಬೇಕಾಯಿತು, ಅದೇ ಅವಮಾನ ಹೊರಬೇಕಾಯಿತು. ಅವರ ನೋವನ್ನು ನಾನು ಹಗುರ ಮಾಡಲಾರೆ. ಆದರೆ ಅವರಿಗೆ ಅತಿ ದೊಡ್ಡ ಅನ್ಯಾಯ ಮಾಡಿದ್ದು ತಪಾಸಕನಲ್ಲ. ಅವರ ನಯವಾದ ನಡೆಯ ಕುದುರೆ ಉರಿಗಾಲಿನ ಕುದುರೆಯೆದುರು ಸೋತಿತೆಂದು ಬರೆದಿಟ್ಟ ಪಟ್ಟಿ ಅದು.

ಇಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ಪಟ್ಟ ಸಲ್ಲಬೇಕಾದ್ದು ಕುದುರೆಗೋ ಸವಾರನಿಗೋ? ಶೆಲ್ಬಿವಿಲ್ ಕುದುರೆಗೆ ಕೊಡುತ್ತದೆ. ಒಲಿಂಪಿಕ್ಸ್ ಪದಕವನ್ನು ಸವಾರನ ಕೊರಳಿಗೆ ಹಾಕುತ್ತದೆ. ಶೋ ಜಂಪಿಂಗ್‌ನ ವಿಶ್ವ ಚಾಂಪಿಯನ್‌ಷಿಪ್ ಈ ಗಂಟನ್ನು ಬಿಡಿಸಲು ಅಪರೂಪದ ಉಪಾಯವೊಂದನ್ನು ಹೂಡಿತ್ತು. 1953ರ ಪ್ಯಾರಿಸ್ ಕೂಟದಲ್ಲಿ ಶುರುವಾದ ಪದ್ಧತಿಯಂತೆ ಕೊನೆಗುಳಿದ ನಾಲ್ವರು ಸವಾರರು ತಂತಮ್ಮ ಕುದುರೆಯ ಮೇಲೆ ಒಮ್ಮೆ, ಮಿಕ್ಕ ಮೂವರ ಕುದುರೆಗಳ ಮೇಲೆ ಒಮ್ಮೊಮ್ಮೆ ಜಿಗಿಯಬೇಕು. ಒಟ್ಟು ಹದಿನಾರು ಸುತ್ತು. ಗುರುತಿಲ್ಲದ ಕುದುರೆಯೊಡನೆ ಕೆಲವೇ ನಿಮಿಷಗಳ ಪರಿಚಯ, ಅಷ್ಟರಲ್ಲಿ ಲಗಾಮಿನ ಮಾತು ಹೊಂದಬೇಕು. ಎಲ್ಲರಿಗೂ ಎಲ್ಲ ಕುದುರೆಗಳೂ ಸಿಕ್ಕ ಮೇಲೆ ಉಳಿಯುವ ವ್ಯತ್ಯಾಸ ಸವಾರನದು. ನಾಲ್ವರ ಕೈಯಲ್ಲೂ ಚೆನ್ನಾಗಿ ಹಾರಿದ ಕುದುರೆಗೆ ‘ಉತ್ತಮ ಕುದುರೆ’ ಎಂಬ ಪ್ರತ್ಯೇಕ ಗೌರವ. 2014ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಸವಾರನಾಗಿ ಗೆದ್ದದ್ದು ನೆದರ್ಲೆಂಡ್ಸಿನ ಯೆರೂನ್ ಡುಬೆಲ್ಡಾಮ್, ಉತ್ತಮ ಕುದುರೆ ಎನಿಸಿದ್ದು ಅಮೆರಿಕದ ಬೀಜಿ ಮ್ಯಾಡನ್ ತಂದಿದ್ದ ಕಾರ್ಟೆಸ್. ಪಟ್ಟ ಎರಡಾಗಿ ಒಡೆದು, ಎರಡೂ ಸರಿಯಾದ ಕಡೆ ಸೇರಿದವು.

ತರ್ಕದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನು ಕಂಡಿಲ್ಲ. ಆದರೂ ಅದನ್ನು ಕೈಬಿಟ್ಟರು, ಬಿಟ್ಟದ್ದು ಸರಿಯೇ. ವಾರವಿಡೀ ಹಾರಿ ದಣಿದ ಕುದುರೆಗಳು ಕೊನೆಯ ದಿನ ಅಪರಿಚಿತರ ಕೈಯಲ್ಲಿ ಮತ್ತೆ ಮತ್ತೆ ಹಾರಬೇಕಿತ್ತು. 2018ರಲ್ಲಿ ಅಮೆರಿಕದ ಟ್ರಯಾನ್‌ನಲ್ಲಿ ಕುದುರೆ ಬದಲಿಸದೆ ಫೈನಲ್ ನಡೆಯಿತು, ಜರ್ಮನಿಯ ಸಿಮೋನೆ ಬ್ಲುಮ್ ತನ್ನ ಆಲಿಸ್ ಜೊತೆ ಗೆದ್ದಳು. ಪಟ್ಟದ ನಿಖರತೆ ಕಡಿಮೆಯಾದರೂ ಸರಿ, ಕುದುರೆಯ ಮೈ ಉಳಿಯಲಿ ಎಂದು ಒಂದು ಕ್ರೀಡೆ ತೀರ್ಮಾನಿಸಿದ ನಿದರ್ಶನ ಇದು.

ಜೋಡಿಯನ್ನು ಬಿಡಿಸಲಾಗದ ಕ್ಷಣಗಳೂ ಇವೆ. 1956ರ ಒಲಿಂಪಿಕ್ಸ್ ಮೆಲ್ಬರ್ನ್‌ನದು. ಆಸ್ಟ್ರೇಲಿಯಾದ ಪ್ರಾಣಿ ದಿಗ್ಬಂಧನದ ನಿಯಮದಿಂದಾಗಿ ಕುದುರೆ ಸ್ಪರ್ಧೆಗಳು ಮಾತ್ರ ಸ್ಟಾಕ್‌ಹೋಮ್‌ನಲ್ಲಿ ನಡೆದವು. ಜರ್ಮನಿಯ ಹಾನ್ಸ್ ಗುಂಟರ್ ವಿಂಕ್ಲರ್ ಮೊದಲ ಸುತ್ತಿನ ಕೊನೆಯಲ್ಲಿ ತೊಡೆಸಂದಿನ ಸ್ನಾಯು ಹರಿದುಕೊಂಡ. ಎರಡನೇ ಸುತ್ತಿಗೆ ಅವನನ್ನು ಜೀನಿನ ಮೇಲೆ ಕೂರಿಸಿದಾಗ ಕಾಲಿನಿಂದ ಸನ್ನೆ ಕೊಡುವ ಸ್ಥಿತಿ ಇರಲಿಲ್ಲ. ಪ್ರತಿ ಜಿಗಿತಕ್ಕೂ ನೋವಿನಿಂದ ಕೂಗುತ್ತಿದ್ದ. ಹಾಲ್ಲಾ ಎಂಬ ಹೆಣ್ಣು ಕುದುರೆ ಅವನನ್ನು ಹೊತ್ತು, ಒಂದೂ ಕೋಲು ಬೀಳಿಸದೆ ಸುತ್ತು ಮುಗಿಸಿತು. ಎರಡು ಚಿನ್ನ ಬಂದವು, ಎರಡೂ ಮನುಷ್ಯರ ಹೆಸರಿಗೆ. ಹಾಲ್ಲಾ ಹೆಸರನ್ನು ಮುಂದೆ ಯಾವ ಸ್ಪರ್ಧಾ ಕುದುರೆಗೂ ಇಡಬಾರದೆಂದು ಜರ್ಮನಿಯ ಸಂಸ್ಥೆ ಅದನ್ನು ಮೀಸಲಿಟ್ಟಿತು. ಹೆಸರೊಂದನ್ನು ಬೇರೆ ಯಾರಿಗೂ ಕೊಡದಿರುವುದು, ‘ಮಹಾ’ ಎಂಬ ಪದವಿಲ್ಲದ ಪಟ್ಟ.

ಅಳತೆಗೆ ನಮ್ಮವರದೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ಅಂದರೆ ಡ್ರೆಸಾಜ್, ಕ್ರಾಸ್‌ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದರು. 1982ರ ದಿಲ್ಲಿ ಕೂಟದ ಬಳಿಕ ಭಾರತಕ್ಕೆ ಈ ಕ್ರೀಡೆಯಲ್ಲಿ ಬಂದ ಮೊದಲ ವೈಯಕ್ತಿಕ ಪದಕ ಅದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೂರ್ ಮೆಡಿಕಾಟ್ ಕುದುರೆಯೊಂದಿಗೆ 23ನೆಯವರಾಗಿ ಮುಗಿಸಿದರು. ಇವೆಂಟಿಂಗ್‌ನಲ್ಲಿ ಅಂಕ ಎಂದರೆ ದಂಡ, ಕಡಿಮೆಯಿದ್ದಷ್ಟೂ ಒಳ್ಳೆಯದು. ಅವರ ಒಟ್ಟು ದಂಡ 59.60. ಅದನ್ನು ಬಿಡಿಸಿ ನೋಡೋಣ. ಡ್ರೆಸಾಜ್‌ನಲ್ಲಿ 28.00, ಇದು ತೀರ್ಪುಗಾರರ ಕಣ್ಣಿನ ಅಳತೆ. ಕ್ರಾಸ್‌ಕಂಟ್ರಿಯಲ್ಲಿ 11.20, ನಿಗದಿತ ಸಮಯಕ್ಕಿಂತ 28 ಸೆಕೆಂಡು ತಡವಾದದ್ದಕ್ಕೆ. ಜಂಪಿಂಗ್‌ನ ಮೊದಲ ಸುತ್ತಿನಲ್ಲಿ 8, ಅಂದರೆ ಬಿದ್ದ ಎರಡು ಕೋಲು. ಫೈನಲ್ ಸುತ್ತಿನಲ್ಲಿ 12.40, ಮೂರು ಕೋಲು ಮತ್ತು ಒಂದು ಸೆಕೆಂಡು. ಕಣ್ಣಿನ ಪಾಲು 28.00, ಗಡಿಯಾರ ಮತ್ತು ಕೋಲಿನ ಪಾಲು 31.60. ಸೋಲನ್ನು ಹೀಗೆ ಸೆಕೆಂಡಿನಲ್ಲಿ, ಕೋಲಿನಲ್ಲಿ ಬಿಡಿಸಿ ಹೇಳಬಹುದಾದಲ್ಲಿ ಗೆಲುವಿನ ಬಿರುದನ್ನೂ ನಂಬಬಹುದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇವೆಂಟಿಂಗ್‌ನಲ್ಲಿ ಡ್ರೆಸಾಜ್‌ಗೆ ಮೊದಲು ಒಮ್ಮೆ, ಕ್ರಾಸ್‌ಕಂಟ್ರಿ ಮುಗಿದು ಜಂಪಿಂಗ್‌ಗೆ ಮೊದಲು ಮತ್ತೊಮ್ಮೆ ಕುದುರೆಯನ್ನು ಜೀನಿಲ್ಲದೆ ಗಟ್ಟಿನೆಲದ ಮೇಲೆ ಓಡಿಸಿ ನೋಡುತ್ತಾರೆ. ಕುಂಟು ಕಂಡರೆ ಮುಗಿಯಿತು. ಅದುವರೆಗೆ ಮೊದಲ ಸ್ಥಾನದಲ್ಲಿದ್ದರೂ ಲಾಯಕ್ಕೆ ವಾಪಸು. ಈ ಬಾಗಿಲು ಕಾಯುವವರು ಕುದುರೆಯ ಮಾಲೀಕರಿಂದ ಸಂಬಳ ಪಡೆಯುವವರಲ್ಲ.

ಈಗ ಶೆಲ್ಬಿವಿಲ್‌ಗೆ ಮರಳುತ್ತೇನೆ. ಸಹಜ ಲಾಳದ, ಸರಪಳಿಯಿಲ್ಲದ ಕುದುರೆಗಳ ವಿಭಾಗಗಳೂ ಅಲ್ಲಿ ಇವೆ, ಆ ಹಳೆಯ ನಡೆಯನ್ನು ಉಳಿಸಿಕೊಂಡ ಸಾಕಣೆದಾರರೂ ಇದ್ದಾರೆ. ಸೋರಿಂಗ್ ವಿರುದ್ಧದ ಕಠಿಣ ಮಸೂದೆಯನ್ನು ಅಮೆರಿಕದ ಕೆಳಮನೆ 2019ರಲ್ಲೂ 2022ರಲ್ಲೂ ಅಂಗೀಕರಿಸಿತು, ಅದು ಕಾಯ್ದೆಯಾಗಲಿಲ್ಲ. 2024ರಲ್ಲಿ ಕೃಷಿ ಇಲಾಖೆ ಉದ್ಯಮದ ತಪಾಸಕರನ್ನು ತೆಗೆದು ಸ್ವತಂತ್ರ ತಪಾಸಕರನ್ನು ತರುವ, ಪ್ಯಾಡು ಸರಪಳಿಗಳನ್ನು ನಿಷೇಧಿಸುವ ನಿಯಮ ಪ್ರಕಟಿಸಿತು. ಅದು ಜಾರಿಯಾಗುವ ಮೊದಲೇ, 2025ರ ಜನವರಿ 31ರಂದು, ಟೆಕ್ಸಾಸ್‌ನ ನ್ಯಾಯಾಲಯವೊಂದು ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಬಾಗಿಲು ಕಾಯುವವರು ಯಾರೆಂಬುದು ಅಲ್ಲಿ ಇತ್ಯರ್ಥವಾಗುವವರೆಗೆ ಆ ಪಟ್ಟವನ್ನು ನಾನು ಗೆಲುವೆಂದು ಉಲ್ಲೇಖಿಸಲಾರೆ. 2006ರ ಖಾಲಿ ಸಾಲನ್ನು ಮಾತ್ರ ಧೈರ್ಯವಾಗಿ ಉಲ್ಲೇಖಿಸುತ್ತೇನೆ. ಆ ವರ್ಷ ತಪಾಸಕನ ಹೆಬ್ಬೆರಳು ಹೇಳಿದ್ದನ್ನು ಪಟ್ಟಿ ಒಪ್ಪಿಕೊಂಡಿದೆ.

ಮೊದಲ ವಿಜೇತ ಸ್ಟ್ರೋಲಿಂಗ್ ಜಿಮ್‌ನನ್ನು ಹತ್ತಿರದ ವಾರ್‌ಟ್ರೇಸ್ ಊರಿನಲ್ಲಿ ಒಂದು ಹಳೆಯ ಹೋಟೆಲಿನ ಹಿತ್ತಲಲ್ಲಿ ಮಣ್ಣುಮಾಡಿದ್ದಾರೆ. ಆ ಊರಿನಲ್ಲಿ 1979ರಿಂದ ಅದರ ಹೆಸರಿನಲ್ಲೊಂದು ಓಟ ನಡೆಯುತ್ತ ಬಂದಿದೆ. ಕುದುರೆಗಳದ್ದಲ್ಲ, ಮನುಷ್ಯರದು. ಗುಡ್ಡ ಹತ್ತಿ ಇಳಿಯುವ ಡಾಂಬರು ದಾರಿಯಲ್ಲಿ ನಲವತ್ತು ಮೈಲಿ, ತಮ್ಮದೇ ಕಾಲಿನ ಮೇಲೆ. ಗೆದ್ದವರು ಯಾರೆಂದು ಗಡಿಯಾರ ನೋಡಿ ಹೇಳುತ್ತಾರೆ.